ಬಿಲ್ ಬುಕ್ಕಿನ ಮೊದಲ ಹತ್ತು ಹಾಳೆಗಳು: ಅಮರ ಚಿತ್ರ ಕಥೆ ಶುರುವಾದ ಬಗೆ

ವ್ಯವಹಾರ ಅಧ್ಯಯನದ ಸರ್ ಈ ಸಲ ನಮ್ಮ ತರಗತಿಗೆ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಉದ್ಯಮ ಹೇಗೆ ಹುಟ್ಟಿತು ಎಂಬುದನ್ನು ಹುಡುಕಿ ಬರೆಯಬೇಕು, ಚೆನ್ನಾಗಿದ್ದರೆ ವಾರ್ತಾಪತ್ರದಲ್ಲಿ ಹಾಕುತ್ತೇವೆ ಎಂದರು. ಗೆಳತಿಯರು ಅಮುಲ್, ಇನ್ಫೋಸಿಸ್, ರಿಲಯನ್ಸ್ ಎಂದು ಹೆಸರು ಬರೆಸಿದರು. ನಾನು 'ಕಾಮಿಕ್ಸ್ ಕಂಪನಿ' ಎಂದಾಗ ಹಿಂದಿನ ಬೆಂಚಿನವರು ನಕ್ಕರು. ಸರ್ ಮಾತ್ರ ನಗಲಿಲ್ಲ. "ಅದರಲ್ಲಿ ಲೆಕ್ಕ ಇದೆಯೇನಮ್ಮ? ಲೆಕ್ಕ ಇದ್ದರೆ ಬರಿ" ಎಂದರು. ಲೆಕ್ಕ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಮಾನ್ವಿಯಲ್ಲಿ, ನನ್ನ ಮಾಮುವಿನ ರದ್ದಿ ಅಂಗಡಿಯಲ್ಲಿ. ರಜೆಯಲ್ಲಿ ಅಲ್ಲಿಗೆ ಹೋದರೆ ನನಗೆ ತೂಕ ಬರೆಯುವ ಕೆಲಸ. ಮಾನ್ವಿಯಲ್ಲಿ ರೈಸ್ ಮಿಲ್ಲುಗಳು ಹೆಚ್ಚು, ಹಾಗಾಗಿ ರದ್ದಿಗೆ ಬರುವುದರಲ್ಲಿ ಹಳೆಯ ಬಿಲ್ ಬುಕ್ಕು, ತೂಕದ ಚೀಟಿ, ಖಾತೆ ಪುಸ್ತಕಗಳೂ ಹೆಚ್ಚು. ಮಾಮು ಎಲ್ಲವನ್ನೂ ವಿಂಗಡಿಸುತ್ತಾರೆ: ಪೇಪರ್ ಒಂದು ಕಡೆ, ನೋಟ್‌ಬುಕ್ ಒಂದು ಕಡೆ, ರಟ್ಟು ಒಂದು ಕಡೆ. ಹಾಗೆ ವಿಂಗಡಿಸುವಾಗ ಒಂದು ಹರಿದ ಇಂಗ್ಲಿಷ್ ಅಮರ ಚಿತ್ರ ಕಥೆ ಕೈಗೆ ಬಂತು. ಮುಖಪುಟ ಇರಲಿಲ್ಲ, ಮುಂದಿನ ಕೆಲವು ಪುಟಗಳೂ ಇರಲಿಲ್ಲ. ಹಿಂದಿನ ಹೊದಿಕೆ ಮಾತ್ರ ಗಟ್ಟಿಯಾಗಿತ್ತು. ಅದರ ಮೇಲೆ ಅಲ್ಲಿಯವರೆಗೆ ಬಂದ ಪುಸ್ತಕಗಳ ಪಟ್ಟಿ: 11 ಕೃಷ್ಣ, 12 ಶಕುಂತಲಾ, 13 ಪಾಂಡವರು, ಹೀಗೆ.

ಪಟ್ಟಿ 11ರಿಂದ ಏಕೆ ಶುರುವಾಗುತ್ತದೆ? ಲೆಕ್ಕಶಾಸ್ತ್ರ ಓದುವವರಿಗೆ ಇದು ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ವೋಚರುಗಳಿಗೆ ಕ್ರಮಸಂಖ್ಯೆ ಹಾಕುವುದೇ ನಡುವೆ ಒಂದು ಕಳೆದುಹೋದರೆ ಗೊತ್ತಾಗಲಿ ಎಂದು. ಬಿಲ್ ಬುಕ್ಕು 11ನೇ ಹಾಳೆಯಿಂದ ಶುರುವಾದರೆ ಆಡಿಟರ್ ಮೊದಲು ಕೇಳುವುದೇ 'ಮೊದಲಿನ ಹತ್ತು ಎಲ್ಲಿ?' ಎಂದು. ನಾನು ಮಾಮುವಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಹತ್ತು ಪುಸ್ತಕ ಬೇರೆ ಅಂಗಡಿಗೆ ಹೋಗಿರಬೇಕು, ನೀನು ತೂಕ ಬರಿ" ಎಂದರು.

ಆ ಹತ್ತು ಪುಸ್ತಕಗಳು ಹೋಗಿದ್ದು ನಮ್ಮ ಭಾಷೆಗೆ. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆಗಳು ಬಂದದ್ದು 1965ರಲ್ಲಿ, ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅಲ್ಲ, ಹಿಂದಿಯಲ್ಲಿ ಅಲ್ಲ. ಮುಂಬೈಯ ಇಂಡಿಯಾ ಬುಕ್ ಹೌಸ್ ಎಂಬ ಪುಸ್ತಕ ಸಂಸ್ಥೆಯ ಬೆಂಗಳೂರು ಕಡೆಯ ವ್ಯಾಪಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಎಂಬುವರು ಅದರ ಯೋಚನೆ ಮುಂದಿಟ್ಟವರು. ಅವರು ಬರಹಗಾರರಲ್ಲ, ಚಿತ್ರಕಾರರಲ್ಲ, ಪುಸ್ತಕ ಮಾರುವವರು. ಇದು ನನಗೆ ತುಂಬ ಇಷ್ಟವಾಯಿತು. ನಾವು ಕಾಮರ್ಸಿನವರು ಕತೆ ಕವಿತೆಗೆ ಸಂಬಂಧವಿಲ್ಲದವರು ಎಂದು ಆರ್ಟ್ಸಿನವರು ಹೇಳುತ್ತಿರುತ್ತಾರಲ್ಲ.

ಆ ಹತ್ತರ ಹೆಸರು ನೋಡಿದರೆ ಇನ್ನೊಂದು ಆಶ್ಚರ್ಯ. ಕೃಷ್ಣನೂ ಇಲ್ಲ, ಬಸವಣ್ಣನೂ ಇಲ್ಲ. ಜಾಕ್ ಮತ್ತು ಅವರೆ ಬಳ್ಳಿ, ಸಿಂಡ್ರೆಲ್ಲಾ, ಕೆಂಪು ಟೋಪಿಯ ಹುಡುಗಿ, ಅಲ್ಲಾವುದ್ದೀನನ ದೀಪ, ಮಾಯಾ ಕಾರಂಜಿ, ಮೂರು ಹಂದಿಮರಿಗಳು, ಮಲಗಿದ ರಾಜಕುಮಾರಿ, ಆಝ್ ಮಾಂತ್ರಿಕ, ಪಿನೋಕಿಯೊ, ಹಿಮಬಿಳುಪಿ ಮತ್ತು ಏಳು ಕುಳ್ಳರು. ಎಲ್ಲವೂ ಹೊರದೇಶದ ಮಕ್ಕಳ ಕತೆಗಳು. ಈ ಚಿತ್ರಗಳು ಬಂದದ್ದು ಅಮೆರಿಕದ ಒಂದು ಕಾಮಿಕ್ಸ್ ಪ್ರಕಾಶನದಿಂದ. ಅದರ ಹೆಸರು ಗಿಲ್ಬರ್ಟನ್, ಮಾಲಿಕೆಯ ಹೆಸರು ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್. ಹಾಗಾಗಿ ಬೆಂಗಳೂರಿನ ಕತೆ ಹೇಳುವ ಮೊದಲು ಸ್ವಲ್ಪ ನ್ಯೂಯಾರ್ಕಿಗೆ ಹೋಗಿಬರಬೇಕು.

ಗಿಲ್ಬರ್ಟನ್ ಕಟ್ಟಿದವರು ಆಲ್ಬರ್ಟ್ ಕ್ಯಾಂಟರ್. 1897ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, 1904ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ವಲಸೆ ಬಂದವರು. ಊರೂರು ತಿರುಗಿ ಮಾರುವ ಸೇಲ್ಸ್‌ಮನ್ ಆಗಿದ್ದರು. ಎಲಿಯಟ್ ಎಂಬ ಪ್ರಕಾಶನದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಆ ಎಲಿಯಟ್ ಕಂಪನಿಯ ಒಂದು ವ್ಯಾಪಾರ ಕೇಳಿ: ಬೇರೆಯವರ ಮಾರಾಟವಾಗದೆ ಉಳಿದ ಕಾಮಿಕ್ ಪುಸ್ತಕಗಳನ್ನು ಕೊಂಡು, ಒಟ್ಟು ಸೇರಿಸಿ, ಹೊಸ ಮುಖಪುಟ ಹಾಕಿ, ಮತ್ತೆ ಅಂಗಡಿಗೆ ಬಿಡುವುದು. ಇದನ್ನು ಮಾಮುವಿಗೆ ಹೇಳಿದಾಗ ಅವರು ಮೊದಲ ಸಲ ಆಸಕ್ತಿಯಿಂದ ಎದ್ದು ಕುಳಿತರು. "ಅಂದರೆ ಅವರದೂ ನಮ್ಮ ಧಂದೆಯೇ" ಎಂದರು.

ಆಗ ಅಮೆರಿಕದಲ್ಲಿ ಕಾಮಿಕ್ಸಿನ ಹುಚ್ಚು ಏರಿದ್ದ ಕಾಲ. 1938ರಲ್ಲಿ ಸೂಪರ್‌ಮ್ಯಾನ್ ಬಂದಿದ್ದ. ಹತ್ತು ಸೆಂಟಿನ ಪುಸ್ತಕ ಮಕ್ಕಳ ಜೇಬಲ್ಲಿ, ತಂದೆತಾಯಿಯರ ಮತ್ತು ಮೇಷ್ಟ್ರುಗಳ ಕಣ್ಣು ಕೆಂಪು. ಕ್ಯಾಂಟರ್ ನೋಡಿದ್ದು ಈ ಎರಡರ ನಡುವೆ ಇದ್ದ ಖಾಲಿ ಜಾಗವನ್ನು. ಮಗುವಿಗೆ ಕಾಮಿಕ್ಸ್ ಬೇಕು, ಅಪ್ಪನಿಗೆ ಮಗು ಒಳ್ಳೆಯ ಪುಸ್ತಕ ಓದಬೇಕು. ಒಳ್ಳೆಯ ಪುಸ್ತಕವನ್ನೇ ಕಾಮಿಕ್ಸ್ ಮಾಡಿದರೆ? 1941ರಲ್ಲಿ 'ಕ್ಲಾಸಿಕ್ ಕಾಮಿಕ್ಸ್' ಹೆಸರಿನಲ್ಲಿ ಮೊದಲ ಸಂಚಿಕೆ ಬಂತು, ಅಲೆಕ್ಸಾಂದ್ರ್ ದ್ಯೂಮಾನ 'ತ್ರೀ ಮಸ್ಕೆಟಿಯರ್ಸ್'. ಮರುವರ್ಷ ಗಿಲ್ಬರ್ಟನ್ ಎಂಬ ಹೆಸರಿನಲ್ಲಿ ಸ್ವಂತ ಕಂಪನಿ. ಯುದ್ಧಕಾಲದ ಕಾಗದದ ಕೊರತೆಯಿಂದ 64 ಪುಟಗಳಿದ್ದ ಪುಸ್ತಕ 56ಕ್ಕೆ, ಆಮೇಲೆ 48ಕ್ಕೆ ಇಳಿಯಿತು. 1947ರಲ್ಲಿ 'ಕಾಮಿಕ್ಸ್' ಎಂಬ ಪದ ಮೇಷ್ಟ್ರುಗಳ ಕಿವಿಗೆ ಹಿತವಲ್ಲ ಎಂದೋ ಏನೋ, ಮಾಲಿಕೆಗೆ 'ಕ್ಲಾಸಿಕ್ಸ್ ಇಲಸ್ಟ್ರೇಟೆಡ್' ಎಂದು ಹೊಸ ಹೆಸರಿಟ್ಟರು. ಒಳಗಿನ ಸರಕು ಅದೇ. ಬ್ರಾಂಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪುಸ್ತಕದಲ್ಲಿ ಇಲ್ಲ.

ಆದರೆ ಕ್ಯಾಂಟರನ ನಿಜವಾದ ಜಾಣತನ ಬೇರೆ ಕಡೆ ಇದೆ. ಉಳಿದ ಕಾಮಿಕ್ಸ್ ಕಂಪನಿಗಳಿಗೆ ಪುಸ್ತಕ ಎಂದರೆ ತರಕಾರಿ ಇದ್ದಂತೆ. ಈ ತಿಂಗಳು ಬಂತು, ಮುಂದಿನ ತಿಂಗಳು ಹೊಸದು ಬಂದೊಡನೆ ಹಳೆಯದು ವಾಪಸ್ಸು, ಅಲ್ಲಿಂದ ರದ್ದಿ. ಕ್ಯಾಂಟರ್ ಹಳೆಯ ಸಂಚಿಕೆಗಳನ್ನು ಸಾಯಲು ಬಿಡಲಿಲ್ಲ. ಮತ್ತೆ ಮತ್ತೆ ಅಚ್ಚು ಹಾಕಿಸಿದರು, ಪ್ರತಿ ಪುಸ್ತಕದಲ್ಲೂ ಹಿಂದೆ ಬಂದ ಎಲ್ಲದರ ಪಟ್ಟಿ ಕೊಟ್ಟು, ಬೇಕಾದ್ದನ್ನು ತರಿಸಿಕೊಳ್ಳಿ ಎಂದರು. ದ್ಯೂಮಾನ ಕತೆ ಹಳಸುವುದಿಲ್ಲವಲ್ಲ. ಅಂದರೆ ತರಕಾರಿಯನ್ನು ಅವರು ಬೇಳೆ ಮಾಡಿದರು. ಮಾನ್ವಿಯ ರದ್ದಿಯಲ್ಲಿ ನನಗೆ ಸಿಕ್ಕ ಬೆನ್ನಪುಟದ ಪಟ್ಟಿಗೆ ಅಜ್ಜ ಆ ಪಟ್ಟಿಯೇ.

1953ರಲ್ಲಿ ಇನ್ನೂ ಚಿಕ್ಕ ಮಕ್ಕಳಿಗೆಂದು 'ಜೂನಿಯರ್' ಮಾಲಿಕೆ ಬಂತು. ಇದರ ಮೊದಲ ಸಂಚಿಕೆಯ ಸಂಖ್ಯೆ 1 ಅಲ್ಲ, 501: ಹಿಮಬಿಳುಪಿಯ ಕತೆ. ದೊಡ್ಡವರ ಮಾಲಿಕೆಯ ಸಂಖ್ಯೆಗಳ ಜೊತೆ ಗೊಂದಲವಾಗದಿರಲು ಹಾಗೆ ಮಾಡಿರಬೇಕು. 1962ಕ್ಕೆ ಅಮೆರಿಕದಲ್ಲಿ ಹೊಸ ಸಂಚಿಕೆಗಳು ಹೆಚ್ಚುಕಡಿಮೆ ನಿಂತವು. ಟಿವಿ ಬಂದಿತ್ತು, ಅಗ್ಗದ ಪೇಪರ್‌ಬ್ಯಾಕ್ ಬಂದಿತ್ತು, ಅಂಚೆ ಇಲಾಖೆಯ ರಿಯಾಯಿತಿ ದರವೂ ತಪ್ಪಿತ್ತು. 1967ರಲ್ಲಿ ಕ್ಯಾಂಟರ್ ಕಂಪನಿಯನ್ನು ಮಾರಿದರು. ಆದರೆ ಬರೆದ ಚಿತ್ರಗಳು ಇದ್ದೇ ಇದ್ದವಲ್ಲ, ಅವು ಬೇರೆ ದೇಶಗಳಿಗೆ, ಬೇರೆ ಭಾಷೆಗಳಿಗೆ ಹೊರಟವು. ಹಾಗೆ ಹೊರಟವುಗಳಲ್ಲಿ ಹತ್ತು ಬೆಂಗಳೂರಿನಲ್ಲಿ ಕನ್ನಡ ಕಲಿತವು.

ಇಲ್ಲಿ ಸರ್ ಕೇಳಿದ ಲೆಕ್ಕ ಬರುತ್ತದೆ. ನಿಜವಾದ ಅಂಕಿಗಳ ಬದಲು ಸುಲಭದ ಅಂಕಿ ಇಟ್ಟುಕೊಂಡು ಮಾಡೋಣ. ಒಂದು ಬಣ್ಣದ ಕಾಮಿಕ್ಸ್ ತರಲು ಕತೆ, ಚಿತ್ರ, ಬಣ್ಣ, ಪ್ಲೇಟುಗಳಿಗೆ 60,000 ರೂಪಾಯಿ ಸ್ಥಿರ ವೆಚ್ಚ ಎನ್ನಿ. ಒಂದು ಪ್ರತಿಯ ಕಾಗದ, ಮುದ್ರಣ, ಪಿನ್ನು ಎಲ್ಲ ಸೇರಿ 12 ರೂಪಾಯಿ ಬದಲಾಗುವ ವೆಚ್ಚ. ಬೆಲೆ 30 ರೂಪಾಯಿ, ಅಂಗಡಿಯವರ ಕಮಿಷನ್ 10 ಹೋಗಿ ಪ್ರಕಾಶಕರಿಗೆ 20. ಪ್ರತಿಯೊಂದಕ್ಕೆ 8 ರೂಪಾಯಿ ಉಳಿತಾಯ. 60,000 ಭಾಗ 8, ಅಂದರೆ 7,500 ಪ್ರತಿ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕನ್ನಡದಲ್ಲಿ ಹೊಸದಾಗಿ ಇಳಿಯುವವನಿಗೆ 7,500 ಎಂದರೆ ಎದೆ ನಡುಗುವ ಸಂಖ್ಯೆ.

ಈಗ ಅದೇ ಚಿತ್ರ ಮೊದಲೇ ಸಿದ್ಧವಿದೆ ಎನ್ನಿ. ಅನುವಾದಕ್ಕೆ, ಗುಳ್ಳೆಯೊಳಗೆ ಕನ್ನಡ ಅಕ್ಷರ ಬರೆಯುವುದಕ್ಕೆ, ಚಿತ್ರದ ಹಕ್ಕಿಗೆ ಎಲ್ಲ ಸೇರಿ 16,000 ಆಯಿತು ಎಂದುಕೊಳ್ಳಿ. ಲೆಕ್ಕ 2,000 ಪ್ರತಿಗೆ ಇಳಿಯಿತು. ನಾಲ್ಕು ಬಣ್ಣದ ಮುದ್ರಣದಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು ಎಂದು ಬೇರೆ ಬೇರೆ ಪ್ಲೇಟು ಇರುತ್ತದೆ. ಅಕ್ಷರಗಳು ಇರುವುದು ಕಪ್ಪು ಪ್ಲೇಟಿನಲ್ಲಿ. ಭಾಷೆ ಬದಲಾದರೆ ಅದೊಂದನ್ನು ಬದಲಾಯಿಸಿದರೆ ಸಾಕು, ಉಳಿದ ಮೂರು ಅವೇ. ಒಂದೇ ಚಿತ್ರ ಹತ್ತು ಭಾಷೆಯಲ್ಲಿ ಮಾತಾಡುವುದರ ಗುಟ್ಟು ಇದು. ಪಾಠದಲ್ಲಿ 'ಸ್ಥಿರ ವೆಚ್ಚದ ಹಂಚಿಕೆ' ಎಂದು ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಈಗ.

ಹಾಗಾದರೆ ಕನ್ನಡದಲ್ಲೇ ಏಕೆ ಮೊದಲು? ನನಗೆ ತೋಚುವ ಕಾರಣ ಇಷ್ಟು. ಇಂಗ್ಲಿಷ್ ಓದುವ ಮಕ್ಕಳಿಗೆ ಹೊರದೇಶದ ಕಾಮಿಕ್ಸು ನೇರವಾಗಿ ಸಿಗುತ್ತಿತ್ತು. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಇಂದ್ರಜಾಲ್ ಕಾಮಿಕ್ಸ್ ಶುರುಮಾಡಿ ಫ್ಯಾಂಟಮನನ್ನು ಮಾರುತ್ತಿದ್ದರು. ಕನ್ನಡದ ಮಕ್ಕಳಿಗೆ ಚಂದಮಾಮ ಇತ್ತು, ಆದರೆ ಅದು ಚಿತ್ರ ಹಾಕಿದ ಕತೆಗಳ ಮಾಸಪತ್ರಿಕೆ. ಪುಟಪೂರ್ತಿ ಚೌಕಗಳಲ್ಲಿ ಗುಳ್ಳೆಮಾತಿನ ಕಾಮಿಕ್ಸ್ ಪುಸ್ತಕ ಬೇರೆಯೇ ಸರಕು. ಪೈಪೋಟಿ ಕಡಿಮೆ ಇರುವ ಕಡೆ ಅಂಗಡಿ ಹಾಕು ಎಂಬುದು ಯಾವ ವ್ಯಾಪಾರಿಗೂ ಗೊತ್ತು. ಪುಸ್ತಕ ಮಾರುವವರು ಓದುವವರಿಗಿಂತ ಮೊದಲು ಇಂಥ ಖಾಲಿ ಜಾಗ ಕಾಣುತ್ತಾರೆ, ಕ್ಯಾಂಟರ್ ಕಂಡ ಹಾಗೆ.

ಆ ಕನ್ನಡ ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಅದನ್ನು ಕಂಡ ಮೇಲೆಯೇ ಮುಂಬೈಯ ಮುಖ್ಯ ಕಚೇರಿಯ ಮಿರ್ಚಂದಾನಿ ಅವರು ಇಂಗ್ಲಿಷಿನಲ್ಲಿ ಮುಂದುವರಿಯಲು ಮನಸ್ಸು ಮಾಡಿದರು, ಅನಂತ ಪೈ ಅವರನ್ನು ಕರೆತಂದರು ಎಂದು ಅನಂತರಾಮ್ ಅವರು ಪತ್ರಿಕೆಗೆ ಹೇಳಿದ್ದಾರೆ. ಪೈ ಒಳ್ಳೆಯ ತಂಡ ಕಟ್ಟಿ ಬ್ರಾಂಡ್ ಬೆಳೆಸಿದರು ಎಂಬುದನ್ನೂ ಅವರೇ ಒಪ್ಪಿಕೊಂಡಿದ್ದಾರೆ.

ಅನಂತ ಪೈ ಹೇಳುತ್ತಿದ್ದ ಕತೆ ಬೇರೆ. ಅದು ಹೆಚ್ಚು ಜನರಿಗೆ ಗೊತ್ತು. 1967ರ ಫೆಬ್ರವರಿಯಲ್ಲಿ ದೆಹಲಿಯ ಒಂದು ಪುಸ್ತಕದಂಗಡಿಯಲ್ಲಿ ಅವರು ದೂರದರ್ಶನದ ಕ್ವಿಜ್ ನೋಡುತ್ತ ನಿಂತರು. ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಉತ್ತರ ಕೊಟ್ಟ ವಿದ್ಯಾರ್ಥಿಗಳಿಗೆ ರಾಮನ ತಾಯಿ ಯಾರು ಎಂದರೆ ಗೊತ್ತಾಗಲಿಲ್ಲ. ಅದು ಅವರ ಮನಸ್ಸಿಗೆ ನಾಟಿತು. ಟೈಮ್ಸ್ ಕೆಲಸ ಬಿಟ್ಟು, ನಮ್ಮ ದೇಶದ ಕತೆಗಳ ಕಾಮಿಕ್ಸ್ ಮಾಡಲು ಹೊರಟರು. ಆ ವರ್ಷವೇ 'ಕೃಷ್ಣ' ಬಂತು, ಕತೆ ಪೈ ಅವರದು, ಚಿತ್ರ ರಾಮ್ ವಾಯೀರ್ಕರ್ ಅವರದು.

ಇವರಲ್ಲಿ ಯಾರ ಮಾತು ಸರಿ? ನಾನು ಎರಡನ್ನೂ ತೂಗಿ ನೋಡಿದೆ. ಎರಡೂ ಸರಿ ಎಂದೇ ನನಗೆ ಅನಿಸುತ್ತದೆ. ದೆಹಲಿಯ ಘಟನೆಯಿಂದ 'ಏನನ್ನು ಮಾರಬೇಕು' ಎಂಬುದು ಬದಲಾಯಿತು; 'ಮಾರಬಹುದು' ಎಂಬುದು ಅದಕ್ಕಿಂತ ಎರಡು ವರ್ಷ ಮೊದಲೇ ಬೆಂಗಳೂರಿನಲ್ಲಿ ಗೊತ್ತಾಗಿತ್ತು. ಆದರೆ ಕಾಗದದ ಸಾಕ್ಷಿ ಅನಂತರಾಮ್ ಕಡೆಗಿದೆ. ಕೃಷ್ಣನ ಸಂಖ್ಯೆ 1 ಆಗಿರದೆ 11 ಆಗಿರುವುದೇ ಆ ಸಾಕ್ಷಿ. ಮನುಷ್ಯರು ಮರೆಯುತ್ತಾರೆ, ಕ್ರಮಸಂಖ್ಯೆ ಮರೆಯುವುದಿಲ್ಲ. ಮುಂದೆ ಮರುಮುದ್ರಣಗಳಲ್ಲಿ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟು ಕೃಷ್ಣನನ್ನು 501 ಮಾಡಿದರು. ಅಂದರೆ ಇಂದಿನ ಪುಸ್ತಕ ಕೊಳ್ಳುವ ಮಗುವಿಗೆ ಆ ಪ್ರಶ್ನೆ ಹುಟ್ಟುವ ದಾರಿಯೇ ಇಲ್ಲ. ಜೂನಿಯರ್ ಮಾಲಿಕೆಯ ಹಿಮಬಿಳುಪಿಯೂ 501 ಎಂಬುದನ್ನು ನೋಡಿ ನನಗೆ ನಗು ಬಂತು.

ಅನಂತ ಪೈ ಕೂಡ ನಮ್ಮ ರಾಜ್ಯದವರೇ. 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದರು, ಮನೆಮಾತು ಕೊಂಕಣಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 12ನೇ ವಯಸ್ಸಿಗೆ ಮುಂಬೈಗೆ ಹೋದರು. ಓದಿದ್ದು ಕೆಮಿಕಲ್ ಟೆಕ್ನಾಲಜಿ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ತಂದು ಕೈ ಸುಟ್ಟುಕೊಂಡಿದ್ದರು. 1980ರಲ್ಲಿ 'ಟಿಂಕಲ್' ಶುರುಮಾಡಿದವರೂ ಅವರೇ, ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ'. 2011ರಲ್ಲಿ ತೀರಿಕೊಂಡರು. ಇಷ್ಟಾಗಿ ಅವರು ಅಮರ ಚಿತ್ರ ಕಥೆಯ ಮಾಲೀಕರಾಗಿರಲಿಲ್ಲ, ಸಂಪಾದಕರು. ಹಕ್ಕು ಇಂಡಿಯಾ ಬುಕ್ ಹೌಸ್‌ನದು, 2007ರಲ್ಲಿ ಅದು ಎಸಿಕೆ ಮೀಡಿಯಾ ಎಂಬ ಕಂಪನಿಗೆ ಹೋಯಿತು. ನೌಕರನ ತಲೆಯಲ್ಲಿ ಹುಟ್ಟಿದ ಯೋಚನೆ ಕಂಪನಿಯ ಆಸ್ತಿ ಎಂಬುದು ವ್ಯವಹಾರದ ನಿಯಮ. ಬ್ಯಾಲೆನ್ಸ್ ಶೀಟಿನಲ್ಲಿ ಗುಡ್‌ವಿಲ್‌ಗೆ ಜಾಗ ಇದೆ, ಯೋಚಿಸಿದವನ ಹೆಸರಿಗೆ ಇಲ್ಲ.

ಈ ಜಾಗದಲ್ಲಿ ನನಗೆ ನಾನಿ ಹೇಳುತ್ತಿದ್ದ ಅಲ್ಲಾವುದ್ದೀನನ ಕತೆ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದು ಅಲಿಫ್ ಲೈಲಾದ ಕತೆ. ಅರಬ್ಬರ ಹಳೆಯ ಪುಸ್ತಕದ್ದು ಎಂದೇ ಎಲ್ಲರೂ ತಿಳಿದಿರುವುದು. ನಿಜ ಏನೆಂದರೆ, ಆ ಸಂಗ್ರಹದ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಅಲ್ಲಾವುದ್ದೀನ ಇಲ್ಲ. 1709ರಲ್ಲಿ ಅಲೆಪ್ಪೊದಿಂದ ಪ್ಯಾರಿಸ್‌ಗೆ ಬಂದಿದ್ದ ಹನ್ನಾ ದಿಯಾಬ್ ಎಂಬ ಯುವಕ ಅದನ್ನು ಫ್ರೆಂಚ್ ಅನುವಾದಕ ಆಂತ್ವಾನ್ ಗಾಲಾನ್‌ಗೆ ಬಾಯಿಂದ ಹೇಳಿದ. ಗಾಲಾನ್ ತನ್ನ ದಿನಚರಿಯಲ್ಲಿ ಅವನ ಹೆಸರು ಬರೆದಿಟ್ಟ, ಅಚ್ಚಾದ ಪುಸ್ತಕದಲ್ಲಿ ಬರೆಯಲಿಲ್ಲ. ಎಷ್ಟೋ ಕಾಲದವರೆಗೆ ಜಗತ್ತಿಗೆ ಅವನ ಸುದ್ದಿಯೇ ಇರಲಿಲ್ಲ. ಅಲೆಪ್ಪೊದವನ ಬಾಯಿಂದ ಪ್ಯಾರಿಸ್‌ಗೆ, ಅಲ್ಲಿಂದ ನ್ಯೂಯಾರ್ಕಿನ ಕಾಮಿಕ್ಸಿಗೆ, ಅಲ್ಲಿಂದ 1965ರ ಕನ್ನಡಕ್ಕೆ. ಹೇಳಿದವನ ಹೆಸರು ದಾರಿಯಲ್ಲಿ ಎಲ್ಲೋ ಉದುರಿತ್ತು. ಕನ್ನಡಕ್ಕೆ ತಂದವರ ಹೆಸರೂ ಆಮೇಲೆ ಹಾಗೇ ಉದುರಿತು.

ಅಮರ ಚಿತ್ರ ಕಥೆಯ ಬಗ್ಗೆ ಆಕ್ಷೇಪಗಳೂ ಇವೆ, ಅದನ್ನು ಬಿಟ್ಟು ಬರೆದರೆ ಅರ್ಧ ಲೆಕ್ಕ ಬರೆದ ಹಾಗೆ. ನಾಯಕರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ. ಹೆಂಗಸರು ಹೆಚ್ಚಾಗಿ ತ್ಯಾಗ ಮಾಡಲಿಕ್ಕೆ. ಮುಸ್ಲಿಂ ಅರಸರು ಅನೇಕ ಕಡೆ ಹೊರಗಿನವರಂತೆ. ನಂದಿನಿ ಚಂದ್ರ ಅವರಂಥ ವಿದ್ವಾಂಸರು ಇದರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ನನಗೂ ಓದುವಾಗ ಕೆಲವು ಚೌಕಗಳಲ್ಲಿ ಮನಸ್ಸು ಮುದುಡಿದ್ದು ಉಂಟು. ಅದೇ ಮಾಲಿಕೆಯಲ್ಲಿ ಅಕ್ಬರ್, ನೂರ್‌ಜಹಾನ್, ಕಬೀರ್ ಇದ್ದಾರೆ, ಚಾಂದ್ ಬೀಬಿಯೂ ಇದ್ದಾಳೆ. ಚಾಂದ್ ಬೀಬಿ ಬಿಜಾಪುರದ ಆಡಳಿತ ನೋಡುತ್ತಿದ್ದಾಗ ನಮ್ಮ ರಾಯಚೂರು ಬಿಜಾಪುರದ ಕೈಯಲ್ಲೇ ಇತ್ತು. ಬಸ್ಸಿನಿಂದ ದಿನಾ ಕಾಣುವ ಈ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ ಯುದ್ಧ ಮಾಡಿದರು. ಅದನ್ನು ಎರಡೂ ಕಡೆಯ ಸಿಪಾಯಿಗಳ ಕಣ್ಣಿನಿಂದ ಯಾರಾದರೂ ರಾಯಚೂರಿನವರೇ ಚಿತ್ರಕಥೆ ಮಾಡಿದರೆ ನಾನು ಮೊದಲ ಗಿರಾಕಿ.

ಇಷ್ಟೆಲ್ಲ ಏಕೆ ಹುಡುಕಿದೆ ಎಂದು ಸರ್ ಕೇಳಿದರೆ ಹೇಳಲು ಒಂದು ಮಾತಿದೆ. ನನ್ನ ನಾನಾ ದೇವದುರ್ಗದಲ್ಲಿ ಟೈಲರ್ ಆಗಿದ್ದರು. ಬಟ್ಟೆ ಹೊಲಿಸಲು ಬರುವವರ ಮಕ್ಕಳು ಗಲಾಟೆ ಮಾಡಬಾರದೆಂದು ಒಂದು ಡಬ್ಬದಲ್ಲಿ ಹಳೆಯ ಕನ್ನಡ ಕಾಮಿಕ್ಸು, ಚಂದಮಾಮಗಳನ್ನು ಇಟ್ಟಿದ್ದರು. ನಾನು ಐದನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಆರನೆಯದಕ್ಕೆ ಕನ್ನಡ ಮಾಧ್ಯಮಕ್ಕೆ ಹಾಕಿದಾಗ ಓದಲು ಎದ್ದು ನಿಂತರೆ ತರಗತಿ ನಗುತ್ತಿತ್ತು. ಆ ಬೇಸಿಗೆಯಲ್ಲಿ ನಾನಾ ನನ್ನನ್ನು ಹೊಲಿಗೆ ಮಶೀನಿನ ಪಕ್ಕ ಕೂರಿಸಿಕೊಂಡು ಆ ಡಬ್ಬದ ಪುಸ್ತಕ ಜೋರಾಗಿ ಓದಿಸಿದರು. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಉರ್ದು ಮಾತ್ರ ಓದುತ್ತಿದ್ದರು. ಆದರೆ ಐವತ್ತು ವರ್ಷ ದೇವದುರ್ಗದ ಸಂತೆಯ ಮಂದಿಯ ಜೊತೆ ಮಾತಾಡಿದ ಕಿವಿ. ನಾನು ತಪ್ಪಿದರೆ ಮಶೀನು ನಿಲ್ಲುತ್ತಿತ್ತು. "ಹಂಗಲ್ಲ ಬೇಟಿ, ಹಾಲು ಬ್ಯಾರೆ, ಹಾಳು ಬ್ಯಾರೆ. ನಾಲಿಗಿ ಹಿಂದಕ್ಕ ಮಡಚು" ಎನ್ನುತ್ತಿದ್ದರು. ಲಕಾರ ಳಕಾರ ನಾನು ಕಲಿತದ್ದು ಓದು ಬಾರದವರಿಂದ, ಕಾಮಿಕ್ಸಿನ ಗುಳ್ಳೆಗಳಿಂದ. ಚಿತ್ರ ಇದ್ದದ್ದರಿಂದ ಅರ್ಥ ಮೊದಲೇ ಗೊತ್ತಾಗುತ್ತಿತ್ತು, ಅಕ್ಷರ ಹಿಂದಿನಿಂದ ಬಂದು ಸೇರಿಕೊಳ್ಳುತ್ತಿತ್ತು.

ಆ ಡಬ್ಬದಲ್ಲಿ ಕನ್ನಡದ ಅಲ್ಲಾವುದ್ದೀನ ಇದ್ದ. ನಾನಾ ಮೇಲಿಂದ ಮೇಲೆ ಓದಿಸುತ್ತಿದ್ದದ್ದು ಅದನ್ನೇ, ಅವರಿಗೆ ಕತೆ ಮೊದಲೇ ಬಾಯಿಗೆ ಬರುತ್ತಿತ್ತಲ್ಲ. ನಾನು ಒಂದು ಪುಟ ಹಾರಿಸಿದರೂ ಹಿಡಿಯುತ್ತಿದ್ದರು. ಅದರ ಮೇಲೆ ಯಾವ ಸಂಖ್ಯೆ ಇತ್ತು ಎಂದು ನೋಡುವ ಬುದ್ಧಿ ಹನ್ನೊಂದು ವರ್ಷದ ನನಗೆ ಇರಲಿಲ್ಲ. ನಾನಾ ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡುವಾಗ ಮನೆಯವರು ಆ ಡಬ್ಬವನ್ನು ಕತ್ತರಿಸಿದ ಬಟ್ಟೆ ತುಂಡುಗಳ ಜೊತೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗಾಡಿಯವನಿಗೆ ತೂಕಕ್ಕೆ ಕೊಟ್ಟುಬಿಟ್ಟರು. ನಾನು ರಾಯಚೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಯಾರನ್ನೂ ಬೈಯುವಂತಿಲ್ಲ, ಸಾವಿನ ಮನೆಯಲ್ಲಿ ಕಾಮಿಕ್ಸ್ ಯಾರಿಗೆ ನೆನಪಾಗುತ್ತದೆ? ಆದರೆ ಮಾನ್ವಿಯಲ್ಲಿ ಆ 11ನೇ ಸಂಖ್ಯೆ ಕಂಡ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಾಮುವಿಗೆ ಎಲ್ಲ ಹೇಳಿದೆ. ಅವರು ನಾನಾನ ಮಗನೇ ಅಲ್ಲವೆ, ಸುಮ್ಮನೆ ಕೂತಿದ್ದರು. ಆಮೇಲೆ ರಟ್ಟಿನ ರಾಶಿಯ ಪಕ್ಕ ಒಂದು ಖಾಲಿ ಸಕ್ಕರೆ ಚೀಲ ನೇತುಹಾಕಿದರು. ಈಗ ಅವರ ಅಂಗಡಿಯಲ್ಲಿ ನಾಲ್ಕನೆಯ ವಿಂಗಡಣೆ ಇದೆ: ಬಣ್ಣದ ಕತೆ ಪುಸ್ತಕ. ಅವು ಗಿರಣಿಗೆ ಹೋಗುವ ಲಾರಿಗೆ ಏರುವುದಿಲ್ಲ, ನಾನು ಹೋಗಿ ನೋಡುವವರೆಗೆ ಚೀಲದಲ್ಲೇ ಇರುತ್ತವೆ. ಇದುವರೆಗೆ ಟಿಂಕಲ್ 14, ಚಂದಮಾಮ 9, ಕನ್ನಡ ಅಮರ ಚಿತ್ರ ಕಥೆ 3 ಸಿಕ್ಕಿವೆ. ಮೂರೂ ಆಮೇಲಿನ ಕಾಲದವು.

ಕೊನೆಗೆ ಸಹಪಾಠಿಗಳಲ್ಲಿ, ಉಪನ್ಯಾಸಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜಿಯ ಪೆಟ್ಟಿಗೆಯಲ್ಲಿ, ದೇವದುರ್ಗ, ಸಿರವಾರ, ಸಿಂಧನೂರು ಕಡೆಯ ನೆಂಟರ ಮನೆಯಲ್ಲಿ ಹಳೆಯ ಕನ್ನಡ ಅಮರ ಚಿತ್ರ ಕಥೆ ಇದ್ದರೆ ಮೊದಲು ಅದರ ಸಂಖ್ಯೆ ನೋಡಿ. 1ರಿಂದ 10ರೊಳಗೆ ಇದ್ದರೆ ದಯವಿಟ್ಟು ಹರಿಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ನಮ್ಮ ಗ್ರಂಥಾಲಯಕ್ಕೆ ತನ್ನಿ. ಸರ್ ಒಪ್ಪಿದ್ದಾರೆ, ಗಾಜಿನ ಕಪಾಟಿನಲ್ಲಿ ತಂದವರ ಹೆಸರಿನ ಚೀಟಿ ಅಂಟಿಸಿ ಇಡುತ್ತಾರಂತೆ. ಕೊಡಲು ಮನಸ್ಸಿಲ್ಲದವರು ತೋರಿಸಿ ವಾಪಸ್ಸು ಒಯ್ಯಬಹುದು. ಮಾರಲೇಬೇಕು ಎನ್ನುವವರಿಗೆ ಮಾಮು ರದ್ದಿ ದರದ ಹತ್ತುಪಟ್ಟು ಕೊಡುವುದಾಗಿ ಹೇಳಿದ್ದಾರೆ. ತೂಕ ನಾನೇ ಬರೆಯುತ್ತೇನೆ.